ಔಷಧವನ್ನು ಪಾಲಿಮರ್ ಕಣದೊಳಗೆ ಕೂರಿಸುವುದು ಹೇಗೆ: ಕರಾವಳಿಯ ಲ್ಯಾಬಿಗೊಂದು ಸೂಪರ್‌ಕ್ರಿಟಿಕಲ್ ಮಾರ್ಗದರ್ಶಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯಿಂದ ಫಾರ್ಮಸಿಗೋ ಕೆಮಿಸ್ಟ್ರಿ ಎಂ.ಎಸ್ಸಿ.ಗೋ ಸೇರುವ ಮಕ್ಕಳಿಗೆ ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡ್ ಎಂಬ ಹೆಸರು ತೀರಾ ಹೊಸದಲ್ಲ. ಬಿಸಿ ಮತ್ತು ಒತ್ತಡ ಒಂದು ಮಿತಿ ದಾಟಿದಾಗ ದ್ರವವೂ ಅಲ್ಲದೆ ಆವಿಯೂ ಅಲ್ಲದೆ, ಎರಡರ ಗುಣವನ್ನೂ ತಾಳುವ ಅನಿಲ ಅದು. ಕಾಳುಮೆಣಸಿನ ಸಾರ ತೆಗೆಯಲು, ಕಾಫಿ ಬೀಜದಿಂದ ಕೆಫೀನ್ ತೆಗೆಯಲು ಅದನ್ನು ಬಳಸುತ್ತಾರೆಂದು ಎಲ್ಲೋ ಕೇಳಿರುತ್ತಾರೆ. ಅದೇ ಅನಿಲದಿಂದ ತದ್ವಿರುದ್ಧ ಕೆಲಸವನ್ನೂ ಮಾಡಿಸಬಹುದು. ಒಳಗಿರುವುದನ್ನು ಹೊರಗೆಳೆಯುವ ಬದಲು, ಔಷಧವನ್ನು ಪಾಲಿಮರ್ ಕಣದೊಳಗೆ ಸೇರಿಸಿ ಕೂರಿಸಬಹುದು. ಹಾಗೆ ಕೂತ ಔಷಧ ನಿಧಾನವಾಗಿ ಬಿಡುಗಡೆಯಾಗುತ್ತದೆ, ಬೆಳಕು ಮತ್ತು ತೇವದಿಂದ ಒಂದಿಷ್ಟು ರಕ್ಷಣೆ ಪಡೆಯುತ್ತದೆ.

ಈ ಕೆಲಸಕ್ಕೆ ಹಳೆಯ ವಿಧಾನಗಳೂ ಇವೆ. ಎಮಲ್ಷನ್ (ನೀರಿನಲ್ಲಿ ದ್ರಾವಣದ ಸಣ್ಣ ಹನಿಗಳು ಹರಡಿದ ಮಿಶ್ರಣ) ಮಾಡಿ ದ್ರಾವಕವನ್ನು ಆವಿಯಾಗಿಸಿದರೆ ಕಣದೊಳಗೆ ದ್ರಾವಕ ಉಳಿದುಬಿಡುತ್ತದೆ. ಸ್ಪ್ರೇ ಡ್ರೈಯರಿನಲ್ಲಿ ಬಿಸಿಗಾಳಿಗೆ ಒಡ್ಡಬೇಕು, ಅದನ್ನು ತಾಳದ ಔಷಧ ಕೆಡುತ್ತದೆ. ಕಾರ್ಬನ್ ಡೈಆಕ್ಸೈಡ್ 31.1 ಡಿಗ್ರಿ ಸೆಲ್ಸಿಯಸ್, 73.8 ಬಾರ್ ದಾಟಿದರೆ ಸಾಕು, ಸೂಪರ್‌ಕ್ರಿಟಿಕಲ್ ಸ್ಥಿತಿಗೆ ಬರುತ್ತದೆ. ಮೈ ಬಿಸಿಗಿಂತ ತುಸು ಹೆಚ್ಚಿನ ಉಷ್ಣತೆಯಲ್ಲೇ ಇಡೀ ಕೆಲಸ ಮುಗಿಯುತ್ತದೆ, ಕೊನೆಯಲ್ಲಿ ಒತ್ತಡ ಇಳಿಸಿದರೆ ಅನಿಲ ತಾನಾಗಿ ಹೊರಟುಹೋಗುತ್ತದೆ.

ಈ ಬರಹದುದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಮಾತು. ನಳಿಕೆಯಿಂದ ದ್ರಾವಣ ಚಿಮ್ಮಿ ಕಣವಾಗುವ ಗಳಿಗೆಯ ಮೇಲೇ ಎಲ್ಲರ ಕಣ್ಣು. ಆದರೆ ಪುಡಿಯ ಹಣೆಬರಹ ನಿರ್ಧಾರವಾಗುವುದು ಅದಕ್ಕೂ ಮೊದಲು ವಿಧಾನ ಆರಿಸುವಾಗ, ಮತ್ತು ಅದಾದ ಮೇಲೆ ತೊಳೆದು ಒತ್ತಡ ಇಳಿಸುವಾಗ. ಕಾರವಾರ, ಅಂಕೋಲಾ, ಕುಮಟಾದಂಥ ಕರಾವಳಿಯ ಊರಿನಲ್ಲಿ ಸೆಕೆ ಮತ್ತು ತೇವವೂ ಇದರಲ್ಲಿ ಕೈಹಾಕುತ್ತವೆ.

ಮೊದಲು ಮೂರು ಪ್ರಶ್ನೆ

ಯಂತ್ರದ ಹತ್ತಿರ ಹೋಗುವ ಮೊದಲು ಉತ್ತರ ಬೇಕಾದ ಪ್ರಶ್ನೆಗಳಿವು. ಔಷಧ ಸಿಓಟುವಿನಲ್ಲಿ (ಕಾರ್ಬನ್ ಡೈಆಕ್ಸೈಡನ್ನು ಮುಂದೆ ಹೀಗೇ ಕರೆಯುತ್ತೇನೆ) ಕರಗುತ್ತದೆಯೇ? ಪಾಲಿಮರ್ ಕರಗುತ್ತದೆಯೇ, ಅಥವಾ ಅದನ್ನು ಹೀರಿ ಉಬ್ಬಿ ಮೆತ್ತಗಾಗುತ್ತದೆಯೇ? ಇವೆರಡನ್ನೂ ಕರಗಿಸುವ, ತಾನೂ ಸಿಓಟುವಿನೊಂದಿಗೆ ಪೂರ್ತಿ ಬೆರೆಯುವ ದ್ರಾವಕ ಯಾವುದು?

ಎರಡೂ ಸಿಓಟುವಿನಲ್ಲಿ ಕರಗಿದರೆ, ಕರಗಿಸಿ ಸಣ್ಣ ನಳಿಕೆಯಿಂದ ಹೊರಬಿಟ್ಟರಾಯಿತು. ಒತ್ತಡ ಬಿದ್ದ ಕೂಡಲೇ ಕರಗುವ ಶಕ್ತಿಯೂ ಬೀಳುತ್ತದೆ, ಪುಡಿ ಉದುರುತ್ತದೆ. ಇದರ ಬೇರು ಬಹಳ ಹಳೆಯದು. 1822ರಲ್ಲಿ ಫ್ರಾನ್ಸಿನ ಕ್ಯಾನ್ಯಾರ್ ದ ಲಾ ತೂರ್ ಮುಚ್ಚಿದ ಪಾತ್ರೆಯಲ್ಲಿ ದ್ರವಗಳನ್ನು ಕಾಯಿಸಿ, ದ್ರವ ಮತ್ತು ಆವಿಯ ನಡುವಿನ ಗಡಿ ಇಲ್ಲವಾಗುವ ಸ್ಥಿತಿಯನ್ನು ಗುರುತಿಸಿದ. 1869ರಲ್ಲಿ ಥಾಮಸ್ ಆಂಡ್ರ್ಯೂಸ್ ಕಾರ್ಬನ್ ಡೈಆಕ್ಸೈಡಿನ ಮೇಲೆ ನಡೆಸಿದ ಪ್ರಯೋಗಗಳಿಂದ ಕ್ರಾಂತಿಕ ಬಿಂದುವಿನ (ಆ ಗಡಿ ಇಲ್ಲವಾಗುವ ಉಷ್ಣತೆ ಮತ್ತು ಒತ್ತಡದ) ಕಲ್ಪನೆಗೆ ಗಟ್ಟಿ ರೂಪ ಕೊಟ್ಟ. 1879ರಲ್ಲಿ ಹ್ಯಾನೆ ಮತ್ತು ಹೊಗಾರ್ತ್ ಇಂಥ ಅನಿಲದಲ್ಲಿ ಘನವಸ್ತುಗಳು ಕರಗುವುದನ್ನೂ, ಒತ್ತಡ ತಟ್ಟನೆ ಇಳಿಸಿದಾಗ ಅವು ಹಿಮದಂತೆ ಉದುರುವುದನ್ನೂ ಕಂಡರು. ಸೊಗಸಾದ ವಿಧಾನ, ದ್ರಾವಕವೇ ಬೇಡ. ಆದರೆ ಔಷಧಕ್ಕೆ ಬಳಸುವ ಪಾಲಿಮರ್‌ಗಳಲ್ಲಿ ಬಹುಪಾಲು ಸಿಓಟುವಿನಲ್ಲಿ ಕರಗುವುದೇ ಇಲ್ಲ ಎನ್ನಬೇಕು. ಚೆನ್ನಾಗಿ ಕರಗುವುದು ಫ್ಲೋರಿನ್ ಅಥವಾ ಸಿಲಿಕೋನ್ ಇರುವಂಥವು. ಹೀಗಾಗಿ ಈ ದಾರಿ ಹೆಚ್ಚಿನವರಿಗೆ ಮುಚ್ಚಿದೆ.

ಪಾಲಿಮರ್ ಕರಗದಿದ್ದರೂ ಸಿಓಟುವನ್ನು ಹೀರಿ ಕಡಿಮೆ ಉಷ್ಣತೆಯಲ್ಲೇ ಕರಗಿ ನೀರಾಗುವಂತಿದ್ದರೆ, ಪಾಲಿಎಥಿಲೀನ್ ಗ್ಲೈಕಾಲ್ ಅಥವಾ ಕೊಬ್ಬಿನ ಜಾತಿಯ ವಸ್ತುಗಳಂತೆ, ಆ ಎರಕದಲ್ಲಿ ಔಷಧ ಬೆರೆಸಿ ಹಾಗೇ ಸಿಂಪಡಿಸಬಹುದು. ಇಲ್ಲೂ ದ್ರಾವಕ ಬೇಡ. ಔಷಧ ಬಿಸಿ ತಾಳಿಕೊಳ್ಳುವುದಾದರೆ ಮೊದಲು ಇದನ್ನೇ ನೋಡಿ ಎನ್ನುತ್ತೇನೆ.

ಔಷಧ ಮಾತ್ರ ಸಿಓಟುವಿನಲ್ಲಿ ಕರಗುವುದಾದರೆ, ಉದಾಹರಣೆಗೆ ಐಬುಪ್ರೊಫೇನ್, ಮೊದಲೇ ತಯಾರಾದ ಪಾಲಿಮರ್ ಕಣಗಳಿಗೆ ಅದನ್ನು ಒಳಸೇರಿಸಬಹುದು. ಸಿಓಟು ಔಷಧವನ್ನು ಹೊತ್ತುಕೊಂಡು ಉಬ್ಬಿದ ಪಾಲಿಮರ್ ಒಳಹೊಕ್ಕು, ಒತ್ತಡ ಇಳಿದಾಗ ಔಷಧವನ್ನು ಅಲ್ಲೇ ಬಿಟ್ಟು ಬರುತ್ತದೆ. ಕಾಳುಮೆಣಸಿನ ಪೈಪರಿನ್ ಇಟ್ಟುಕೊಂಡು ಪ್ರಾಜೆಕ್ಟ್ ಮಾಡಬೇಕೆನ್ನುವ ಶಿರಸಿಯ ಹುಡುಗರು ಈ ದಾರಿಯನ್ನೇ ಯೋಚಿಸುವುದು ಒಳ್ಳೆಯದು. ಪೈಪರಿನ್ ಸಿಓಟುವಿನಲ್ಲಿ ಕರಗುತ್ತದೆ ಎಂಬ ಕಾರಣಕ್ಕೇ ಅಲ್ಲವೇ ಮೆಣಸಿನ ಸಾರಕ್ಕೆ ಈ ಅನಿಲ ಬಳಸುವುದು. ಮುಂದೆ ಹೇಳುವ ವಿಧಾನದಲ್ಲಿ ಅದು ಕಣದಲ್ಲಿ ಉಳಿಯದೆ ಅನಿಲದೊಂದಿಗೆ ಹೊರಟುಹೋಗುವ ಅಪಾಯವಿದೆ. ಮುರುಗಲು ಹಣ್ಣಿನ ಕೆಂಪು ಬಣ್ಣದ ಕತೆ ಬೇರೆ. ಅದು ನೀರಿನಲ್ಲಿ ಕರಗುವ ಆಂಥೋಸಯನಿನ್, ಸಿಓಟುವಿನಲ್ಲೂ ಕರಗದು, ಡೈಕ್ಲೋರೋಮೀಥೇನಿನಂಥ ದ್ರಾವಕದಲ್ಲೂ ಕರಗದು.

ಎರಡೂ ಕರಗದಿದ್ದರೆ ಉಳಿಯುವುದು ಹೆಚ್ಚು ಬಳಕೆಯಲ್ಲಿರುವ ದಾರಿ, ಸೂಪರ್‌ಕ್ರಿಟಿಕಲ್ ಆಂಟಿಸಾಲ್ವೆಂಟ್ ಅಥವಾ ಎಸ್‌ಎಎಸ್. ಔಷಧ ಮತ್ತು ಪಾಲಿಮರ್ ಎರಡನ್ನೂ ಒಂದು ದ್ರಾವಕದಲ್ಲಿ ಕರಗಿಸಿ ಸೂಪರ್‌ಕ್ರಿಟಿಕಲ್ ಸಿಓಟುವಿನೊಳಕ್ಕೆ ಚಿಮ್ಮಿಸುತ್ತೇವೆ. ದ್ರಾವಕ ಸಿಓಟುವಿನ ಪಾಲಾಗುತ್ತದೆ, ಕರಗಲು ಜಾಗವಿಲ್ಲದೆ ಔಷಧವೂ ಪಾಲಿಮರೂ ಒಟ್ಟಿಗೆ ಘನವಾಗುತ್ತವೆ. ಇಲ್ಲಿ ಸಿಓಟು ದ್ರಾವಕವಲ್ಲ, ದ್ರಾವಕದ ವೈರಿ. ಈ ಮಾರ್ಗದರ್ಶಿ ಇದನ್ನೇ ಹಿಡಿದು ಹೋಗುತ್ತದೆ.

ಮಾದರಿ ಔಷಧವಾಗಿ ಅರಿಸಿನದ ಕರ್ಕ್ಯುಮಿನ್ ಆರಿಸಿದ್ದೇನೆ. ಅದು ಸಿಓಟುವಿನಲ್ಲಿ ಅತ್ಯಲ್ಪ ಕರಗುತ್ತದೆ, ನೀರಿನಲ್ಲೂ ಹಾಗೆಯೇ. ಬಣ್ಣವಿರುವುದರಿಂದ ಎಲ್ಲಿ ಸೋರಿಹೋಯಿತೆಂದು ಕಣ್ಣಿಗೇ ಕಾಣುತ್ತದೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ಪಾಲಿಮರ್ ಪಿಎಲ್‌ಎಲ್‌ಎ, ಅಂದರೆ ಪಾಲಿ-ಎಲ್-ಲ್ಯಾಕ್ಟಿಕ್ ಆಸಿಡ್. ಎಲ್ಲರೂ ಮೊದಲು ಕೇಳುವುದು ಲ್ಯಾಕ್ಟಿಕ್ ಮತ್ತು ಗ್ಲೈಕಾಲಿಕ್ ಆಸಿಡ್ ಎರಡೂ ಸೇರಿದ ಪಿಎಲ್‌ಜಿಎ. ದಯವಿಟ್ಟು ಮೊದಲ ಪ್ರಯತ್ನಕ್ಕೆ ಅದು ಬೇಡ. 50:50 ಪಿಎಲ್‌ಜಿಎ ಮೆತ್ತಗಾಗಲು ಶುರುವಾಗುವುದು ಮಾಮೂಲಿಯಾಗಿ 45ರಿಂದ 50 ಡಿಗ್ರಿಯ ಸುಮಾರಿಗೆ. ಸಿಓಟು ಹೀರಿದ ಮೇಲೆ ಆ ಮಟ್ಟ ಕೋಣೆಯ ಉಷ್ಣತೆಗಿಂತಲೂ ಕೆಳಗಿಳಿಯಬಲ್ಲದು. ಕಣಗಳು ಹುಟ್ಟಿದ್ದೇ ತಡ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಪಿಎಲ್‌ಎಲ್‌ಎಯಲ್ಲಿ ಸ್ಫಟಿಕ ಭಾಗ ಹೆಚ್ಚು, ಅದೇ ಅದಕ್ಕೆ ಬೆನ್ನೆಲುಬು. ಪಿಎಲ್‌ಜಿಎಯೇ ಬೇಕೆಂದರೆ, ನೀರಿನಲ್ಲಿ ಎಮಲ್ಷನ್ ಮಾಡಿ ಅದರೊಳಗಿನ ದ್ರಾವಕವನ್ನು ಸಿಓಟುವಿನಿಂದ ಎಳೆದು ತೆಗೆಯುವ ವಿಧಾನಕ್ಕೆ ಹೋಗಿ. ಅಲ್ಲಿ ಹನಿಗಳ ನಡುವೆ ನೀರು ಇರುವುದರಿಂದ ಅಂಟುವುದು ಕಡಿಮೆ.

ಸೆಕೆ, ಸಿಲಿಂಡರು ಮತ್ತು ಪಂಪು

ಚಳಿದೇಶದಲ್ಲಿ ಬರೆದ ಕೈಪಿಡಿಗಳಲ್ಲಿ ಈ ಭಾಗ ಸಿಗುವುದಿಲ್ಲ. ಕಾರವಾರದಲ್ಲಿ ಇದಿಲ್ಲದೆ ಕೆಲಸ ಶುರುವೇ ಆಗುವುದಿಲ್ಲ.

ಸಿಓಟು ಪಂಪು ದ್ರವವನ್ನು ಎಳೆದು ಒತ್ತುವ ಯಂತ್ರ. ಸಿಲಿಂಡರಿನ ತಳದವರೆಗೆ ಇಳಿದಿರುವ ಡಿಪ್ ಟ್ಯೂಬಿನಿಂದ ದ್ರವ ಬರಬೇಕು. 20 ಡಿಗ್ರಿಯಲ್ಲಿ ಸಿಲಿಂಡರಿನೊಳಗೆ ಸುಮಾರು 57 ಬಾರ್, ಕೆಳಗೆ ದ್ರವ, ಮೇಲೆ ಆವಿ. ಎಲ್ಲ ಸರಿ. ಏಪ್ರಿಲ್–ಮೇ ತಿಂಗಳಲ್ಲಿ ಕರಾವಳಿಯ ತಗಡಿನ ಮಾಡಿನ ಕೆಳಗೆ ಉಷ್ಣತೆ 31 ಡಿಗ್ರಿ ದಾಟುವುದು ದಿನನಿತ್ಯದ ಮಾತು. ಆಗ ಸಿಲಿಂಡರಿನೊಳಗೆ ದ್ರವ ಎಂಬುದೇ ಇರುವುದಿಲ್ಲ. ಡಿಪ್ ಟ್ಯೂಬಿನಿಂದ ಬರುವುದು ಒತ್ತಿದರೆ ಕುಗ್ಗುವ ದಟ್ಟ ಅನಿಲ. ಪಂಪು ಓಡುತ್ತದೆ, ಸದ್ದು ಬದಲಾಗುತ್ತದೆ, ಹರಿವು ಬರುವುದಿಲ್ಲ. ಶಿರಸಿ ಘಟ್ಟದ ಮೇಲಿದೆ, ಬೆಳಗಿನ ಹೊತ್ತು ಅಲ್ಲಿ ಈ ತೊಂದರೆ ಕಡಿಮೆ.

ಪರಿಹಾರ ಎರಡು ಕಡೆ ಬೇಕು. ಸಿಲಿಂಡರನ್ನು ನೆರಳಿನ, ಗಾಳಿಯಾಡುವ, ಸಾಧ್ಯವಾದರೆ ಎ.ಸಿ. ಇರುವ ಜಾಗದಲ್ಲಿಡಿ. ಸಿಲಿಂಡರ್ ಮತ್ತು ಪಂಪಿನ ನಡುವೆ ತಂಪು ಸುರುಳಿ ಹಾಕಿ, ಪಂಪಿನ ತಲೆಗೆ 2ರಿಂದ 5 ಡಿಗ್ರಿಯ ಚಿಲ್ಲರ್ ನೀರು ಹರಿಸಿ. ಚಿಲ್ಲರ್ ಹಾಕಿದರೆ ಕರಾವಳಿಯ ತೇವಕ್ಕೆ ಪಂಪಿನ ತಲೆ ಬೆವರುತ್ತದೆ. ಇನ್ಸುಲೇಶನ್ ಸುತ್ತಿ, ಕೆಳಗೆ ಟ್ರೇ ಇಡಿ, ವೈರುಗಳ ಮೇಲೆ ಹನಿ ಬೀಳದಂತೆ ನೋಡಿಕೊಳ್ಳಿ. ಉಪ್ಪುಗಾಳಿ ಸ್ಟೇನ್‌ಲೆಸ್ ಸ್ಟೀಲನ್ನೂ ಬಿಡುವುದಿಲ್ಲ. ಪಾತ್ರೆಯ ಹೊರಮೈ, ಬೋಲ್ಟು, ಫಿಟ್ಟಿಂಗುಗಳನ್ನು ವಾರಕ್ಕೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ, ಚುಕ್ಕೆಚುಕ್ಕೆ ತುಕ್ಕು ಕಂಡರೆ ತಪಾಸಣೆಗೆ ಕೊಡಿ.

ಪಾತ್ರೆಯ ವಿಷಯದಲ್ಲಿ ರಾಜಿ ಇಲ್ಲ. ಊರಿನ ವರ್ಕ್‌ಶಾಪಿನಲ್ಲಿ ಎಷ್ಟೇ ಕೈಗುಣವಿರುವ ಟರ್ನರ್ ಇದ್ದರೂ 100 ಬಾರಿನ ಪಾತ್ರೆ ಮಾಡಿಸುವ ಯೋಚನೆ ಬೇಡ. ಪ್ರಮಾಣಪತ್ರವಿರುವ ಪಾತ್ರೆ, ರಪ್ಚರ್ ಡಿಸ್ಕ್ (ಒತ್ತಡ ಮಿತಿ ಮೀರಿದರೆ ತಾನೇ ಹರಿದು ಅನಿಲ ಹೊರಬಿಡುವ ಬಿಲ್ಲೆ), ಸುರಕ್ಷತಾ ವಾಲ್ವ್ ಇರುವ ಲ್ಯಾಬಿನಲ್ಲಿ, ತರಬೇತಿ ಪಡೆದವರ ಜೊತೆ ಮಾತ್ರ ಈ ಕೆಲಸ. ನಮ್ಮಲ್ಲಿ ಸಿಲಿಂಡರುಗಳಿಗೆ 2016ರ ಗ್ಯಾಸ್ ಸಿಲಿಂಡರ್ ನಿಯಮಗಳು ಅನ್ವಯಿಸುತ್ತವೆ, ನಾಗಪುರದ ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ) ಅದನ್ನು ನೋಡಿಕೊಳ್ಳುತ್ತದೆ.

ಕಾರ್ಬನ್ ಡೈಆಕ್ಸೈಡ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಮಳೆಗಾಲದಲ್ಲಿ ಇರಚಲು ಹೊಡೆಯುತ್ತದೆಂದು ಕಿಟಕಿ ಬಾಗಿಲು ಬಿಗಿದು ಕೂರುವುದು ನಮ್ಮ ಕಡೆ ಅಭ್ಯಾಸ. ಈ ಲ್ಯಾಬಿನಲ್ಲಿ ಅದು ನಡೆಯದು. ಎಂಟು ಗಂಟೆಯ ಕೆಲಸಕ್ಕೆ ಒಪ್ಪಿತ ಮಿತಿ 5000 ಪಿಪಿಎಂ. ಆಮ್ಲಜನಕದ ಮೀಟರ್ ಇದ್ದರೆ ಸಾಕೆಂದುಕೊಳ್ಳಬೇಡಿ. ಗಾಳಿಯಲ್ಲಿ ಶೇ. 3ರಷ್ಟು ಸಿಓಟು ಸೇರಿದರೂ ಆಮ್ಲಜನಕ ಶೇ. 0.6ರಷ್ಟು ಮಾತ್ರ ಕಡಿಮೆಯಾಗುತ್ತದೆ, ಅಲಾರಂ ಹೊಡೆಯುವುದೇ ಇಲ್ಲ. ಸಿಓಟುವಿನದೇ ಮೀಟರ್ ಬೇಕು, ಅದನ್ನು ನೆಲದ ಹತ್ತಿರ ಹಾಕಬೇಕು.

ಹಂತ 1: ದ್ರಾವಣ

1 ಗ್ರಾಂ ಪಿಎಲ್‌ಎಲ್‌ಎಯನ್ನು ಡೈಕ್ಲೋರೋಮೀಥೇನಿನಲ್ಲಿ ಕರಗಿಸಿ, 100 ಮಿಲಿಗ್ರಾಂ ಕರ್ಕ್ಯುಮಿನ್ ಸೇರಿಸಿ, ಒಟ್ಟು 50 ಮಿ.ಲೀ. ಮಾಡಿ. ಪಾಲಿಮರ್ ಡಬ್ಬಿ ಫ್ರಿಜ್‌ನಿಂದ ತೆಗೆದ ಕೂಡಲೇ ತೆರೆಯಬೇಡಿ. ಮುಚ್ಚಿದ ಹಾಗೇ ಕೋಣೆಯ ಬಿಸಿಗೆ ಬರಲಿ, ಇಲ್ಲವಾದರೆ ಗಾಳಿಯ ತೇವವೆಲ್ಲ ಪಾಲಿಮರ್ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಈ ಜಾತಿಯ ಪಾಲಿಮರ್ ನೀರಿನಿಂದಲೇ ತುಂಡಾಗುವಂಥದ್ದು. ದ್ರಾವಣದ ಬಾಟಲಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ಕರ್ಕ್ಯುಮಿನ್ ಬೆಳಕಿಗೆ ಬಣ್ಣ ಕಳೆದುಕೊಳ್ಳುತ್ತದೆ. ಕಣ್ಣಿಗೆ ತಿಳಿಯಾಗಿ ಕಂಡರೂ 0.45 ಮೈಕ್ರಾನಿನ ಟೆಫ್ಲಾನ್, ಅಂದರೆ ಪಿಟಿಎಫ್‌ಇ ಫಿಲ್ಟರಿನಲ್ಲಿ ಸೋಸಿ. ಮುಂದೆ ಬರುವ ನಳಿಕೆಯ ತೂತು 100 ಮೈಕ್ರಾನ್, ಒಂದು ಎಳೆ ನಾರು ಸಿಕ್ಕಿಕೊಂಡರೂ ಆ ದಿನದ ಕೆಲಸ ಅಲ್ಲಿಗೇ ನಿಂತಿತು.

ಗಾಢತೆ ಏಕೆ ಮಿ.ಲೀ.ಗೆ 20 ಮಿಲಿಗ್ರಾಂ? ತೀರಾ ಹೆಚ್ಚಿಸಿದರೆ ದ್ರಾವಣ ಮಂದವಾಗಿ, ಚಿಮ್ಮಿದ ಧಾರೆ ಹನಿಯಾಗಿ ಒಡೆಯದೆ ಎಳೆಯಾಗುತ್ತದೆ. ಪಾತ್ರೆ ತೆರೆದರೆ ಪುಡಿಯ ಬದಲು ಹತ್ತಿಯಂಥ ನಾರು. ತೀರಾ ಕಡಿಮೆಯಾದರೆ ಕಣ ನ್ಯಾನೊ ಗಾತ್ರಕ್ಕಿಳಿದು ಫಿಲ್ಟರಿನಲ್ಲೇ ನುಸುಳಿ ಹೋಗಬಹುದು. ಪಾಲಿಮರಿನ ಅಣುತೂಕ ಹೆಚ್ಚಿದ್ದರೆ 20ರ ಬದಲು 10ರಿಂದ ಶುರುಮಾಡಿ.

ಡೈಕ್ಲೋರೋಮೀಥೇನ್ 40 ಡಿಗ್ರಿಗೇ ಕುದಿಯುತ್ತದೆ. ಕೋಣೆಯೇ 34 ಡಿಗ್ರಿ ಇದ್ದರೆ ದ್ರಾವಣದ ಪಂಪು ಎಳೆಯುವಾಗ ಒಳಗೆ ಗುಳ್ಳೆ ಬರುತ್ತದೆ. ಬಾಟಲಿಯನ್ನು 20 ಡಿಗ್ರಿಯ ನೀರಿನ ತೊಟ್ಟಿಯಲ್ಲಿ ಕೂರಿಸಿದರೆ ಈ ಕಾಟ ತಪ್ಪುತ್ತದೆ. ಕ್ಯಾನ್ಸರ್ ಉಂಟುಮಾಡುವ ಸಂಭವವಿರುವ ದ್ರಾವಕ ಇದು, ಅಳೆಯುವುದು ಸುರಿಯುವುದು ಎಲ್ಲ ಫ್ಯೂಮ್ ಹುಡ್ ಒಳಗೇ ಆಗಲಿ.

ಹಂತ 2: ಸ್ಥಿತಿಗೆ ತರುವುದು

500 ಮಿ.ಲೀ. ಪಾತ್ರೆ ಎಂದಿಟ್ಟುಕೊಳ್ಳೋಣ. ತಳದಲ್ಲಿ ಬುಟ್ಟಿಯಂಥ ಸಿಂಟರ್ ಫಿಲ್ಟರ್ ಕೂರಿಸಿ, ಪಿಟಿಎಫ್‌ಇ ಸೀಲ್ ಹಾಕಿ ಮುಚ್ಚಿ. ಮಾಮೂಲಿ ರಬ್ಬರ್ ಓ-ರಿಂಗ್ ಸಿಓಟುವನ್ನು ಹೀರಿಕೊಂಡು, ಒತ್ತಡ ಇಳಿಸುವಾಗ ಒಳಗಿನಿಂದಲೇ ಬಿರಿಯುತ್ತದೆ. ಹೀಟರ್ 40 ಡಿಗ್ರಿಗೆ ಇಟ್ಟು ಪಾತ್ರೆಯ ಗೋಡೆಯೂ ಒಳಗಿನ ಜಾಗವೂ ಎರಡೂ ಅಲ್ಲಿಗೆ ಬರುವವರೆಗೆ ಕಾಯಿರಿ, ಆಮೇಲೆ ನಿಧಾನವಾಗಿ ಸಿಓಟು ತುಂಬಿಸಿ 100 ಬಾರಿಗೆ ಏರಿಸಿ. ತಣ್ಣಗಿನ ಪಾತ್ರೆಗೆ ತುಂಬಿ ಆಮೇಲೆ ಕಾಯಿಸಿದರೆ ಒತ್ತಡ ನೀವು ಎಣಿಸಿದ್ದಕ್ಕಿಂತ ಎಷ್ಟೋ ಮೇಲೆ ಹೋಗುತ್ತದೆ.

100 ಬಾರ್ ಎಂಬ ಸಂಖ್ಯೆ ಸುಮ್ಮನೆ ಬಂದದ್ದಲ್ಲ. 40 ಡಿಗ್ರಿಯಲ್ಲಿ ಡೈಕ್ಲೋರೋಮೀಥೇನ್ ಮತ್ತು ಸಿಓಟು ಯಾವ ಪ್ರಮಾಣದಲ್ಲಿ ಬೆರೆತರೂ ಒಂದೇ ಪ್ರಾವಸ್ಥೆಯಾಗಿ ಉಳಿಯಲು ಬೇಕಾದ ಒತ್ತಡ ಸುಮಾರು 80 ಬಾರಿನ ಆಸುಪಾಸಿನಲ್ಲಿದೆ. ಅದಕ್ಕಿಂತ ಕೆಳಗೆ ದ್ರಾವಕದ ಹನಿಗಳು ಪುಡಿಯ ಮೇಲೇ ಕೂರುತ್ತವೆ. ಸ್ವಲ್ಪ ಮೇಲೆ ಹನಿಗಳು ಹುಟ್ಟಿ ಒಣಗಿ ಮೈಕ್ರಾನ್ ಗಾತ್ರದ ದುಂಡು ಕಣಗಳಾಗುತ್ತವೆ. ಬಹಳ ಮೇಲೆ ಹೋದರೆ ಹನಿಯೇ ಹುಟ್ಟುವುದಿಲ್ಲ, ಎರಡು ಅನಿಲಗಳು ಬೆರೆಯುವ ಹಾಗೆ ಬೆರೆತು ನ್ಯಾನೊಕಣ ಬರುತ್ತದೆ. ಈ ವಲಯದಲ್ಲಿ ಒತ್ತಡದ ಸಣ್ಣ ಏರುಪೇರೂ ದೊಡ್ಡದೇ. 40 ಡಿಗ್ರಿಯಲ್ಲಿ ಸಿಓಟುವಿನ ಸಾಂದ್ರತೆ 80 ಬಾರಿನಲ್ಲಿ ಘನ ಮೀಟರಿಗೆ ಸುಮಾರು 280 ಕೆ.ಜಿ., 100 ಬಾರಿನಲ್ಲಿ ಸುಮಾರು 630 ಕೆ.ಜಿ. ಹೊರದಾರಿಯಲ್ಲಿ ಪಾತ್ರೆಯ ಒತ್ತಡವನ್ನು ಹಿಡಿದಿಡುವ ಬ್ಯಾಕ್ ಪ್ರೆಶರ್ ವಾಲ್ವ್ ಒಂದೆರಡು ಬಾರಿನ ಏರುಪೇರಿನೊಳಗೆ ಅದನ್ನು ನಿಲ್ಲಿಸುವಂತಿರಬೇಕು. ಆ ವಾಲ್ವಿಗೆ ಹೀಟರ್ ಸುತ್ತುವುದನ್ನು ಮರೆಯಬೇಡಿ. ಅಲ್ಲಿ ಅನಿಲ ಹಿಗ್ಗುವಾಗ ಎಷ್ಟು ತಣ್ಣಗಾಗುತ್ತದೆಂದರೆ ಒಣಮಂಜು ಕಟ್ಟಿ ದಾರಿಯೇ ಮುಚ್ಚಿಹೋಗುತ್ತದೆ.

ಹಂತ 3: ಚಿಮ್ಮಿಸುವುದು

ಸಿಓಟು ನಿಮಿಷಕ್ಕೆ 30 ಗ್ರಾಂ, ದ್ರಾವಣ ನಿಮಿಷಕ್ಕೆ 1 ಮಿ.ಲೀ. ಈ ಅನುಪಾತ ಸರಿಯೇ ಎಂದು ಲೆಕ್ಕ ಹಾಕಿ ನೋಡೋಣ. 30 ಗ್ರಾಂ ಸಿಓಟು ಅಂದರೆ 0.68 ಮೋಲ್. 1 ಮಿ.ಲೀ. ಡೈಕ್ಲೋರೋಮೀಥೇನ್ 1.33 ಗ್ರಾಂ, ಅಂದರೆ 0.016 ಮೋಲ್. ಮಿಶ್ರಣದಲ್ಲಿ ಸಿಓಟುವಿನ ಮೋಲ್ ಪಾಲು (ಒಟ್ಟು ಅಣುಗಳಲ್ಲಿ ಅದರ ಭಾಗ) 0.977. ಇದು 0.95ಕ್ಕಿಂತ ಮೇಲಿರಬೇಕು ಎಂಬುದು ನಾನು ಹಿಡಿಯುವ ಗೆರೆ.

ಮೊದಲು ಬರೀ ದ್ರಾವಕವನ್ನು ಹತ್ತು ನಿಮಿಷ ಹರಿಸಿ. ಪಾತ್ರೆಯೊಳಗಿನ ಮಿಶ್ರಣ ಒಂದು ಸ್ಥಿತಿಗೆ ಬರುತ್ತದೆ, ನಳಿಕೆಯ ಬಾಯಲ್ಲಿ ಪಾಲಿಮರ್ ಕಟ್ಟಿಕೊಳ್ಳುವುದೂ ಕಡಿಮೆಯಾಗುತ್ತದೆ. ಆಮೇಲೆ ದ್ರಾವಣಕ್ಕೆ ಬದಲಿಸಿ. ಗಾಜಿನ ಕಿಟಕಿಯಿರುವ ಪಾತ್ರೆಯಾದರೆ ನಳಿಕೆಯ ತುದಿಯಲ್ಲಿ ಕೂದಲೆಳೆಯಂಥ ಹಳದಿ ಗೆರೆ, ಅದರ ಕೆಳಗೆ ಹರಡುವ ಮಬ್ಬು ಕಾಣುತ್ತದೆ. ಗೆರೆ ಚಿಕ್ಕದಾಗಿ, ನೇರವಾಗಿ, ಕೂಡಲೇ ಮಬ್ಬಾಗಿ ಮಾಯವಾಗಬೇಕು. ಹನಿ ಜೋತುಬಿದ್ದು ತೊಟ್ಟಿಕ್ಕಿದರೆ ಒತ್ತಡ ಸಾಲದು, ಅಥವಾ ನಳಿಕೆ ಅರ್ಧ ಕಟ್ಟಿದೆ. ಕಿಟಕಿ ಇಲ್ಲದ ಪಾತ್ರೆಯಲ್ಲಿ ದ್ರಾವಣ ಪಂಪಿನ ಒತ್ತಡವೇ ನಿಮ್ಮ ಕಣ್ಣು. ಪಾತ್ರೆಯ ಒತ್ತಡ ನಿಂತಲ್ಲೇ ಇದ್ದು ಪಂಪಿನದು ಮಾತ್ರ ಏರುತ್ತಾ ಹೋದರೆ ನಳಿಕೆ ಕಟ್ಟುತ್ತಿದೆ.

50 ಮಿ.ಲೀ. ಮುಗಿಯಲು 50 ನಿಮಿಷ. ಮುಗಿದ ಕೂಡಲೇ ದ್ರಾವಣದ ವಾಲ್ವ್ ಮುಚ್ಚಿ. ಸಿಓಟುವನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ.

ಹಂತ 4: ತೊಳೆಯುವುದು

ಊಟಕ್ಕೆ ಹೊತ್ತಾಯಿತೆಂದು ಎಲ್ಲರೂ ಅವಸರ ಮಾಡುವುದು ಇಲ್ಲೇ. ಅವಸರ ಏಕೆ ಕೂಡದೆಂದು ಲೆಕ್ಕವೇ ಹೇಳುತ್ತದೆ.

ಚಿಮ್ಮಿಸುವುದು ಮುಗಿದಾಗ ಪಾತ್ರೆಯಲ್ಲಿ ಸುಮಾರು 314 ಗ್ರಾಂ ದಟ್ಟ ಅನಿಲ ಇದೆ, ಅದರಲ್ಲಿ ಸುಮಾರು 13 ಗ್ರಾಂ ಡೈಕ್ಲೋರೋಮೀಥೇನ್. ನಿಮ್ಮ ಪುಡಿಯ ತೂಕವೇ 1.1 ಗ್ರಾಂ! ಒಳಗಿನ ಅನಿಲ ಚೆನ್ನಾಗಿ ಬೆರೆತಿದೆ ಎಂದುಕೊಂಡರೆ, ಒಂದು ಪಾತ್ರೆಯಷ್ಟು ಹೊಸ ಸಿಓಟು ಹರಿದಾಗ ದ್ರಾವಕ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. ಐದು ಪಾತ್ರೆಯಷ್ಟು ಹರಿಸಿದ ಮೇಲೂ ಒಳಗೆ 90 ಮಿಲಿಗ್ರಾಂ ಇರುತ್ತದೆ. ಎಂಟಕ್ಕೆ 4.5 ಮಿಲಿಗ್ರಾಂ. ಹತ್ತಕ್ಕೆ 0.6 ಮಿಲಿಗ್ರಾಂ. ಅದೆಲ್ಲವೂ ಪುಡಿಯಲ್ಲೇ ಉಳಿಯಿತೆಂದರೂ 550 ಪಿಪಿಎಂ ಆಗುತ್ತದೆ. ಔಷಧಗಳಲ್ಲಿ ಡೈಕ್ಲೋರೋಮೀಥೇನಿಗೆ ಐಸಿಎಚ್ (ಔಷಧಗಳ ನಿಯಮಗಳನ್ನು ಹೊಂದಿಸುವ ಅಂತರರಾಷ್ಟ್ರೀಯ ಮಂಡಳಿ) ಮಾರ್ಗಸೂಚಿ ಹಾಕಿರುವ ಮಿತಿ 600 ಪಿಪಿಎಂ. ಅಸಿಟೋನ್, ಈಥೈಲ್ ಅಸಿಟೇಟ್, ಎಥನಾಲ್‌ಗಳಿಗೆ 5000, ಅಂದರೆ ಅವುಗಳಿಗೆ ಇಷ್ಟು ಬಿಗಿಯಿಲ್ಲ. ನಿಮಿಷಕ್ಕೆ 30 ಗ್ರಾಂನಂತೆ ಒಂದು ಪಾತ್ರೆಯಷ್ಟು ಹರಿಯಲು ಹತ್ತೂವರೆ ನಿಮಿಷ ಬೇಕು, ಹತ್ತಕ್ಕೆ 105 ನಿಮಿಷ. ಪಾಲಿಮರ್ ಒಳಗೆ ಸಿಕ್ಕಿಕೊಂಡ ದ್ರಾವಕ ಹೊರಬರಲು ಇನ್ನಷ್ಟು ಹೊತ್ತು ಬೇಕಾಗಬಹುದು. ಹಾಗಾಗಿ ಈ ಲೆಕ್ಕ ಕನಿಷ್ಠ ಎಂದು ತಿಳಿಯಿರಿ, ನಿಜ ಗೊತ್ತಾಗುವುದು ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮಟೊಗ್ರಫಿಯಲ್ಲಿ (ಪುಡಿಯಿಂದ ಹೊರಬರುವ ಆವಿಯಲ್ಲಿ ದ್ರಾವಕವನ್ನು ಅಳೆಯುವ ವಿಧಾನ).

ಎಲ್ಲ ಸೇರಿ ಒಂದು ಓಟಕ್ಕೆ ಐದು ಕೆ.ಜಿ. ದಾಟಿ ಸಿಓಟು ಖರ್ಚಾಗುತ್ತದೆ. 30 ಕೆ.ಜಿ. ಸಿಲಿಂಡರಿನಲ್ಲಿ ಐದು ಓಟ ಸಿಕ್ಕರೆ ಹೆಚ್ಚು. ಸಿಲಿಂಡರ್ ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ಬರಬೇಕಾದರೆ, ಅದರಲ್ಲೂ ಮಳೆಗಾಲದಲ್ಲಿ ಘಟ್ಟದ ರಸ್ತೆ ಮುಚ್ಚುವ ಸಂದರ್ಭವಿದ್ದರೆ, ಒಂದು ಸಿಲಿಂಡರ್ ಕೈಯಲ್ಲಿಟ್ಟುಕೊಂಡೇ ಶುರುಮಾಡಿ. ತೊಳೆಯುವ ಮಧ್ಯೆ ಅನಿಲ ಮುಗಿದರೆ ಪುಡಿ ಕೈಬಿಟ್ಟಂತೆಯೇ.

ಕರೆಂಟ್ ಹೋಗುವುದೂ ಹೆಚ್ಚಾಗಿ ಇದೇ ಹೊತ್ತಿನಲ್ಲಿ, ಇದೇ ಎಲ್ಲಕ್ಕಿಂತ ಉದ್ದದ ಹಂತವಾದ್ದರಿಂದ. ಹೋದರೆ ಒಳಬರುವ ಮತ್ತು ಹೊರಹೋಗುವ ವಾಲ್ವ್ ಎರಡನ್ನೂ ಮುಚ್ಚಿ. ಪಾತ್ರೆಗೆ ದಪ್ಪ ಇನ್ಸುಲೇಶನ್ ಇದ್ದರೆ ಒಂದಷ್ಟು ಹೊತ್ತು ಬಿಸಿ ಉಳಿಯುತ್ತದೆ. 31 ಡಿಗ್ರಿಗಿಂತ ಕೆಳಗಿಳಿದರೆ ಒಳಗೆ ದ್ರವ ಕಟ್ಟಿ, ಉಳಿದ ದ್ರಾವಕದೊಂದಿಗೆ ಪುಡಿಯನ್ನು ಒದ್ದೆ ಮಾಡುತ್ತದೆ. ಮಳೆಗಾಲದಲ್ಲಿ ಇದು ನಿಜವಾಗಿಯೂ ಆಗುವಂಥದ್ದು. ಹೀಟರ್ ಮತ್ತು ಅದರ ಕಂಟ್ರೋಲರಿಗಾದರೂ ಯುಪಿಎಸ್ ಕೊಡಿ. ಕರೆಂಟ್ ಬಂದ ಮೇಲೆ ಪಾತ್ರೆ 40 ಡಿಗ್ರಿಗೆ ಮರಳುವವರೆಗೆ ಪಂಪು ಹಾಕಕೂಡದು.

ಹಂತ 5: ಒತ್ತಡ ಇಳಿಸುವುದು

40 ಡಿಗ್ರಿಯಲ್ಲೇ ಇಟ್ಟುಕೊಂಡು ನಿಮಿಷಕ್ಕೆ ಎರಡು ಮೂರು ಬಾರಿನಂತೆ ಇಳಿಸಿ. ಬೇಗ ಇಳಿಸಿದರೆ ಎರಡು ಕೆಡುಕು. ಅನಿಲ ಹಿಗ್ಗಿ ತಣ್ಣಗಾಗಿ ಪಾತ್ರೆಯೊಳಗೇ ದ್ರವ ಕಟ್ಟಬಹುದು. ಪಾಲಿಮರ್ ಒಳಗಿರುವ ಸಿಓಟು ನಿಧಾನವಾಗಿ ಹೊರಬರಲು ಸಮಯ ಸಿಗದೆ ಗುಳ್ಳೆಯಾಗಿ, ಕಣ ಅರಳಿನಂತೆ ಒಡೆದು ತೂತಾಗುತ್ತದೆ. ತೂತಾದ ಕಣ ಔಷಧವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಹೊರಬರುವ ಅನಿಲವನ್ನು ಕೊಳವೆಯಲ್ಲಿ ಕಟ್ಟಡದ ಹೊರಗೆ, ತಗ್ಗಿಲ್ಲದ ಬಯಲಿಗೆ ಬಿಡಿ.

ಹೊರಹೋಗುವ ಅನಿಲದಿಂದ ದ್ರಾವಕವನ್ನು ಬೇರ್ಪಡಿಸಿ ಹಿಡಿಯುವ ಸೆಪರೇಟರಿನಲ್ಲಿ ಸಿಕ್ಕಿದ್ದನ್ನು ಕ್ಲೋರಿನ್ ಇರುವ ತ್ಯಾಜ್ಯದ ಡಬ್ಬಿಗೇ ಹಾಕಬೇಕು. ಸಿಂಕಿಗೆ ಸುರಿದದ್ದು ಕಾಳಿ ನದಿಗೋ ಕಡಲಿಗೋ ಸೇರುವ ಊರು ನಮ್ಮದು. ಅಲ್ಲಿ ಬಲೆ ಬೀಸುವವರು ನಮ್ಮವರೇ.

ಹಂತ 6: ಪುಡಿ ನೋಡುವುದು, ಅಳೆಯುವುದು

ಮುಚ್ಚಳ ತೆಗೆದಾಗ ಫಿಲ್ಟರಿನ ಮೇಲೆ ತಿಳಿ ಹಳದಿಯ, ಹಗುರಾದ, ಒಂದೇ ಬಣ್ಣದ ಪುಡಿ ಇರಬೇಕು. ಚಮಚದ ತುದಿಯಲ್ಲಿ ಮುಟ್ಟಿದರೆ ಹಾರುವಂತಿರಬೇಕು. ಅಲ್ಲಲ್ಲಿ ಕಿತ್ತಳೆ ಚುಕ್ಕೆ ಕಂಡರೆ ಕರ್ಕ್ಯುಮಿನ್ ಪಾಲಿಮರಿನ ಜೊತೆ ಕೂರದೆ ಬೇರೆಯಾಗಿಯೇ ಸ್ಫಟಿಕವಾಗಿದೆ. ಸೆಪರೇಟರಿನ ದ್ರಾವಕ ಗಾಢ ಹಳದಿಯಾಗಿದ್ದರೆ ಔಷಧ ಅನಿಲದೊಂದಿಗೆ ತೊಳೆದುಹೋಗಿದೆ. ಯಾವ ಉಪಕರಣಕ್ಕೂ ಮೊದಲು ಈ ಎರಡು ಬಣ್ಣ ನೋಡಿ ಬರೆದಿಟ್ಟುಕೊಳ್ಳಿ.

ಎಲೆಕ್ಟ್ರಾನ್ ಮೈಕ್ರೊಸ್ಕೋಪಿನಲ್ಲಿ ದುಂಡು ಕಣಗಳ ನಡುವೆ ಸೂಜಿಗಳಿವೆಯೇ ಹುಡುಕಿ. ಎಕ್ಸ್‌ರೇ ಡಿಫ್ರಾಕ್ಷನ್ನಿನಲ್ಲಿ ಕರ್ಕ್ಯುಮಿನ್ನಿನ ಸ್ಫಟಿಕ ಶಿಖರಗಳು ಉಳಿದಿವೆಯೇ ನೋಡಿ. ಇನ್ನೊಂದು ಮಾತು: ಎಸ್‌ಎಎಸ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಔಷಧ ಪಾಲಿಮರಿನಲ್ಲೆಲ್ಲ ಹರಡಿಕೊಂಡ ಕಣ. ನಡುವೆ ಔಷಧ, ಸುತ್ತ ಚಿಪ್ಪು ಎಂದು ವರದಿಯಲ್ಲಿ ಚಿತ್ರ ಬರೆಯುವುದಾದರೆ ಅದಕ್ಕೆ ಪುರಾವೆ ಬೇಕು.

ಔಷಧ ಎಷ್ಟು ಒಳಗಿದೆ ಎಂದು ಅಳೆಯುವಾಗ ಮೇಲ್ಮೈಯದನ್ನು ಬೇರೆ ಮಾಡಿ. ತೂಕ ಮಾಡಿದ ಪುಡಿಯನ್ನು ಎಥನಾಲಿನಲ್ಲಿ ಒಂದು ಸಲ ಬೇಗ ಅಲುಗಿಸಿ ಸೋಸಿ. ಎಥನಾಲ್ ಪಿಎಲ್‌ಎಲ್‌ಎಯನ್ನು ಕರಗಿಸದು, ಹೊರಗೆ ಅಂಟಿದ ಕರ್ಕ್ಯುಮಿನ್ನನ್ನು ಮಾತ್ರ ತೆಗೆಯುತ್ತದೆ. ಉಳಿದದ್ದನ್ನು ಡೈಕ್ಲೋರೋಮೀಥೇನಿನಲ್ಲಿ ಪೂರ್ತಿ ಕರಗಿಸಿ, 420 ನ್ಯಾನೊಮೀಟರಿನ ಆಸುಪಾಸಿನ ಶಿಖರದಲ್ಲಿ ಅದೇ ದ್ರಾವಕದ ಸ್ಟ್ಯಾಂಡರ್ಡ್‌ಗಳ ಜೊತೆ ಅಳೆಯಿರಿ. ಹಾಕಿದ ಲೆಕ್ಕದಲ್ಲಿ ಪುಡಿಯ ಶೇ. 9.1ರಷ್ಟು ಔಷಧ ಇರಬೇಕು. ಒಳಗೆ ಸಿಕ್ಕಿದ್ದು ಶೇ. 6.8 ಆದರೆ ದಕ್ಷತೆ ಶೇ. 75. ಉಳಿದ ಪಾಲು ಎಥನಾಲಿನಲ್ಲೋ ಸೆಪರೇಟರಿನಲ್ಲೋ ಪಾತ್ರೆಯ ಗೋಡೆಯಲ್ಲೋ ಸಿಗಲೇಬೇಕು. ಜಮಾ ಖರ್ಚು ತಾಳೆಯಾಗುವವರೆಗೆ ಆ ಓಟವನ್ನು ಮುಗಿಯಿತೆಂದು ಬರೆಯಬೇಡಿ.

ಬಿಡುಗಡೆಯ ಪರೀಕ್ಷೆಯಲ್ಲಿ ಕರ್ಕ್ಯುಮಿನ್ ಮೋಸ ಮಾಡುತ್ತದೆ. ಪಿಎಚ್ 7.2ರ ಫಾಸ್ಫೇಟ್ ಬಫರಿನಲ್ಲಿ, 37 ಡಿಗ್ರಿಯಲ್ಲಿ, ಬರೀ ಕರ್ಕ್ಯುಮಿನ್ ಅರ್ಧ ಗಂಟೆಯಲ್ಲಿ ಶೇ. 90ರಷ್ಟು ಒಡೆದುಹೋಗುತ್ತದೆ. ಕಣದಿಂದ ಹೊರಬಂದದ್ದು ಅಲ್ಲೇ ನಾಶವಾದರೆ ನಿಮ್ಮ ಗ್ರಾಫು ಬಿಡುಗಡೆ ಬಹಳ ನಿಧಾನ ಎಂದು ತೋರಿಸುತ್ತದೆ, ಅದನ್ನು ನೋಡಿ ಹಿಗ್ಗಿದರೆ ಕೆಟ್ಟಿರಿ. ಬಫರಿಗೆ ಕರ್ಕ್ಯುಮಿನ್ ಕರಗಲು ನೆರವಾಗುವ ಟ್ವೀನ್ 80 ಸೇರಿಸಿ, ಬೆಳಕು ತಾಗದಂತೆ ಇಡಿ, ಹೊರಬಂದದ್ದರ ಜೊತೆಗೆ ಪ್ರತಿ ಹೊತ್ತಿಗೆ ಕಣದೊಳಗೆ ಉಳಿದದ್ದನ್ನೂ ಅಳೆಯಿರಿ. ಪಿಎಲ್‌ಎಲ್‌ಎ ತಾನೇ ಕರಗಿಹೋಗಲು ಬಹಳ ಕಾಲ ತೆಗೆದುಕೊಳ್ಳುವುದರಿಂದ ಈ ಅವಧಿಯಲ್ಲಿ ನೀವು ನೋಡುವುದು ವಿಸರಣೆಯನ್ನು, ಅಂದರೆ ಔಷಧ ಪಾಲಿಮರಿನೊಳಗಿಂದ ನಿಧಾನವಾಗಿ ಹೊರಗೆ ಹರಡುವುದನ್ನು.

ಎರಡನೇ ಓಟಕ್ಕೆ ಒಂದನ್ನೇ ಬದಲಿಸಿ. ಕಿತ್ತಳೆ ಚುಕ್ಕೆ ಬಂದಿದ್ದರೆ ಔಷಧದ ಪಾಲು ಅರ್ಧಕ್ಕಿಳಿಸಿ. ಸೆಪರೇಟರ್ ಹಳದಿಯಾಗಿದ್ದರೆ ದ್ರಾವಣದ ಹರಿವನ್ನು 0.5 ಮಿ.ಲೀ.ಗೆ ತನ್ನಿ, ಸಿಓಟು ಜೊತೆಗಿನ ದ್ರಾವಕ ಕಡಿಮೆಯಾದಷ್ಟೂ ಅದು ಔಷಧವನ್ನು ಕರಗಿಸಿಕೊಂಡು ಹೋಗುವುದು ಕಡಿಮೆ. ನಾರು ಬಂದಿದ್ದರೆ ಗಾಢತೆ ಇಳಿಸಿ. ಪುಡಿ ಅಂಟಿದ್ದರೆ 40ರಿಂದ 35 ಡಿಗ್ರಿಗೆ ಬನ್ನಿ, ಆದರೆ ಅಲ್ಲಿ ಸಾಂದ್ರತೆಯೂ ಬದಲಾಗುವುದರಿಂದ ಪಾತ್ರೆಯಲ್ಲಿರುವ ಅನಿಲದ ತೂಕ, ತೊಳೆಯುವ ಹೊತ್ತು ಎರಡನ್ನೂ ಮತ್ತೆ ಲೆಕ್ಕ ಹಾಕಿ. ತಯಾರಾದ ಪುಡಿಯನ್ನು ಬಣ್ಣದ ಗಾಜಿನ ಸಣ್ಣ ಸೀಸೆಗಳಿಗೆ, ಒಂದು ಪರೀಕ್ಷೆಗೆ ಒಂದು ಸೀಸೆಯಂತೆ ಹಂಚಿ, ಸಿಲಿಕಾ ಜೆಲ್ ಜೊತೆ ಮುಚ್ಚಿ ಫ್ರಿಜ್ಜಿನಲ್ಲಿಡಿ. ದೊಡ್ಡ ಸೀಸೆಯನ್ನು ಜೂನ್–ಜುಲೈ ತಿಂಗಳಲ್ಲಿ ಪದೇಪದೇ ತೆರೆದರೆ ಪ್ರತಿ ಸಲವೂ ಒಳಗೆ ಹೋಗುವುದು ಕರಾವಳಿಯ ಗಾಳಿ, ಅದರ ಜೊತೆ ನೀರು.